ಟೆಸ್ಟಿಂಗಿಗೊಂದು ಹೆಸರು

ಯಾವುದನ್ನು ಆರಿಸಬೇಕೆಂದು ಸಲಹೆ ಕೊಡುವ ಸಾಫ್ಟ್‌ವೇರ್ ಮಾಡುವುದು ಅವನ ಕಾಲೇಜು ಪ್ರಾಜೆಕ್ಟ್. ವಿಷಯ, ವಧುವಿನ ಆಯ್ಕೆ. ಅವನಿಗೋ ಅದರ ತಲೆಬುಡ ಗೊತ್ತಿಲ್ಲ. ಸಹಪಾಠಿ ಹುಡುಗಿ ವಾರವಿಡೀ ಲ್ಯಾಬಿನಲ್ಲಿ ಪಕ್ಕ ಕೂತು ಕಲಿಸಿದಳು.

"ಯಾವ ಗುಣಕ್ಕೆ ಎಷ್ಟು ಅಂಕ ಅಂತ ನೀನೇ ಹೇಳ್ಬೇಕು. ಆಮೇಲೆ ಟೆಸ್ಟ್ ಮಾಡುವಾಗ, ನೀನು ಯಾವ ಕಾರಣಕ್ಕೂ ಒಪ್ಪದ ಒಂದು ಹೆಸರನ್ನೂ ಸೇರಿಸು. ಅದು ಕೊನೆಗೆ ಬಂದ್ರೆ ಸಿಸ್ಟಂ ಸರಿ ಇದೆ ಅಂತ ಅರ್ಥ."

ಮರುದಿನ ಅವನು ಐದು ಹೆಸರು ತುಂಬಿಸಿಕೊಂಡು ಬಂದ. ಮೂರನೆಯದು ಅವಳದು.

ಅವಳ ಕೆನ್ನೆ ಬಿಸಿಯಾಯಿತು. "ನನ್ನ ಹೆಸರೂ ಹಾಕಿದೀಯಾ?"

"ಮತ್ತೆ? ಹಾಕ್ದೆ ಇರ್ತೀನಾ?"

ಅವನು ಎಂಟರ್ ಒತ್ತಿದ. ಅವಳ ಹೆಸರು ಕೆಂಪಾಗಿ ಪಟ್ಟಿಯ ಕೊನೆಗೆ ಇಳಿಯಿತು.

ಅವನು ಕುರ್ಚಿಯಿಂದ ಹಾರಿ ಎದ್ದ. "ಸಿಸ್ಟಂ ಸರಿ ಇದೆ ಕಣೇ!"