ಎಳೆ ಉದುರಿಸಿದ ಕಾಡವ್ವ

ಎರಡನೆಯ ಸಲವೂ ಮಿಕ್ಸರಿನಿಂದ ಸುರಿದ ಕಾಂಕ್ರೀಟಿನಲ್ಲಿ ಪ್ಲಾಸ್ಟಿಕ್ ಎಳೆಗಳು ಹಕ್ಕಿಗೂಡಿನ ಹಾಗೆ ಉಂಡೆಗಟ್ಟಿದ್ದವು. ಇಂಜಿನಿಯರ್ ಸುಚೇತಾ ಒಂದು ಉಂಡೆ ಎತ್ತಿ ಬಿಡಿಸಿ ನೋಡಿದಳು. ಒಳಗೆ ಸಿಮೆಂಟೇ ಹೋಗಿರಲಿಲ್ಲ.

"ಇದನ್ನ ರಸ್ತಾಕ ಹಾಕಬ್ಯಾಡ್ರಿ," ಎಂದಳು.

ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಯರಗಟ್ಟಿಯ ಆ ಓಣಿಯ ಹಳೆಯ ರಸ್ತೆ ಬಿರುಕು ಬಿಟ್ಟಿತ್ತು. ಅದರ ಮೇಲೆ ನಾಲ್ಕೇ ಇಂಚಿನ ಹೊಸ ಪದರ ಬರಬೇಕಿತ್ತು.

"ಈ ದಾರದ ಉಸಾಬರಿ ಬಿಡ್ರಿ ಬಾಯಾರ," ಮೇಸ್ತ್ರಿ ದುರ್ಗಪ್ಪ ಗೊಣಗಿದ. "ಮೂವತ್ತ ವರ್ಷ ಆತು ನಾ ಈ ಕೆಲಸಾ ಮಾಡಾಕ ಹತ್ತಿ. ಬರೇ ಕಾಂಕ್ರೀಟ ಹಾಕಿ ಮುಗಸೋಣ."

"ಇಷ್ಟ ತೆಳ್ಳಗಿದ್ರ ಕಬ್ಬಿಣದ ಸಳಿ ಹಾಕಲಿಕ್ಕೆ ಬರೂದಿಲ್ರಿ. ಬಿರುಕು ಬಿಟ್ರೂ ಬಾಯಿ ತಗೀದಂಗ ಹಿಡಿಯೂದು ಈ ಎಳೀನ. ಇನ್ನೊಂದ ಸಲ ನೋಡೋಣ."

ಇಂಜಿನಿಯರ್ ಹುಡುಗಿಯ ದನಿ ಅಳುಕಿದ್ದು ಆಳು ಕಾಡವ್ವನಿಗೆ ಕೇಳಿಸಿತು. ಹದಿನೆಂಟು ವರ್ಷದಿಂದ ದುರ್ಗಪ್ಪನ ಕೈಕೆಳಗೆ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು ಅವಳು. ಮೇಸ್ತ್ರಿಯ ಎದುರು ಮಾತಾಡಿದರೆ ನಾಳೆ ಕೆಲಸಕ್ಕೆ ಕರೆಯದೆಯೂ ಇರಬಹುದು. ಆದರೂ ಬಾಯಿ ತಡೆಯಲಿಲ್ಲ.

"ಎಳಿ ಚೀಲಾನ ಒಮ್ಮೆಲೆ ಡಬ್ಬ ಹಾಕಿದ್ರ ಗಂಟಾಗದ ಏನಾಕ್ಕೈತ್ರಿ ಬಾಯಾರ? ಝುಣಕಕ್ಕ ಕಡ್ಲಿಹಿಟ್ಟ ಹಂಗ ಸುರೀತೇವೇನ್ರಿ? ತಿರುವ್ಕೋತ, ಉದರಿಸ್ಕೋತ ಹಾಕ್ತೇವಿ."

"ಏ ಕಾಡವ್ವ, ಇದು ನಿನ್ನ ಅಡಗಿಮನಿ ಅಲ್ಲ!" ದುರ್ಗಪ್ಪ ಗದರಿದ.

ಸುಚೇತಾ ಮಾತ್ರ ಬದಿಗೆ ಸರಿದು ಮಿಕ್ಸರಿನ ಮುಂದೆ ಜಾಗ ಬಿಟ್ಟಳು. "ನೀವ ಹಾಕಿ ತೋರಸ್ರಿ, ಕಾಡವ್ವ."

ಕಾಡವ್ವ ಎಳೆಗಳನ್ನು ಬೆರಳಲ್ಲಿ ಬಿಡಿಸಿದಳು. ತಿರುಗುತ್ತಿದ್ದ ಮಿಕ್ಸರಿನ ಬಾಯಿಗೆ ಹಿಡಿ ಹಿಡಿಯಾಗಿ ಉದುರಿಸಿದಳು. ಚೀಲ ಬರಿದಾಗುವವರೆಗೂ ಅವಸರ ಮಾಡಲಿಲ್ಲ.

ಸುರಿದ ಕಾಂಕ್ರೀಟನ್ನು ದುರ್ಗಪ್ಪನೇ ಕರಣೆಯಿಂದ ಕೆದಕಿದ. ನಡುವೆ ಕೆದಕಿದ, ಅಂಚಿನಲ್ಲಿ ಕೆದಕಿದ, ಕೊನೆಗೆ ಕೂತು ಕೈಯನ್ನೇ ಹಾಕಿದ. ಒಂದು ಗಂಟೂ ಸಿಗಲಿಲ್ಲ. ಎದ್ದು ಆಳುಗಳ ಕಡೆ ತಿರುಗಿ, "ಏನ್ ನೋಡ್ತೀರಿ? ಹಾಕ್ರಿ!" ಎಂದು ಕೂಗಿದ. ಸುಚೇತಾ ನಕ್ಕುಬಿಟ್ಟಳು.

ಆಮೇಲೆ ಪ್ರತಿ ಸಲವೂ ಎಳೆ ಉದುರಿಸಲು ಕಾಡವ್ವನೇ ಮಿಕ್ಸರಿನ ಮುಂದೆ ಕೂತಳು. ಮಧ್ಯಾಹ್ನ ಚಹಾ ಬಂದಾಗ ತನ್ನ ಕಪ್ಪು ತರಲು ಏಳಹೋದಳು. "ನೀ ಅಲ್ಲೇ ಕುಂದರಬೇ," ಎಂದು ದುರ್ಗಪ್ಪ ತಾನೇ ಕಪ್ಪು ತಂದುಕೊಟ್ಟ. "ನಾಳೆ ಆ ಕಡೆ ಓಣಿ ಹಿಡಿಯೂದೈತಿ. ಲಗೂನ ಬಾ."

ಸಂಜೆ ಕೈಕಾಲು ತೊಳೆಯುವಾಗ ಅವಳ ಕೈ ತಲೆಗೆ ಹೋಯಿತು. ಬಾಂಡ್ಲಿ ಹೊರಲು ಬೆಳಿಗ್ಗೆ ಸುತ್ತಿಟ್ಟ ಬಟ್ಟೆಯ ಸಿಂಬಿ ಹಾಗೇ ಇತ್ತು. ಮಿಕ್ಸರಿನ ಮುಂದೆ ಕೂತ ಮೇಲೆ ಅದರ ಮೇಲೆ ಒಂದು ಬಾಂಡ್ಲಿಯೂ ಕೂತಿರಲಿಲ್ಲ. ದಿನಾ ಸಂಜೆಗೆ ಸಿಮೆಂಟಿನ ನೀರಿನಲ್ಲಿ ನೆನೆದಿರುತ್ತಿದ್ದ ಬಟ್ಟೆ ಗರಿಗರಿಯಾಗಿ ಒಣಗಿತ್ತು.