ಹಳದಿಗೆ ನೀರಿಲ್ಲ

ಆಟದ ಮಾಸ್ತರ ಚನಬಸಪ್ಪ ಉರಿಬಿಸಿಲಲ್ಲಿ ಸೈಕಲ್ ತುಳಿದು ಬಂದು ನೀಲವ್ವನ ಕಟ್ಟೆಯ ಮೇಲೆ ಕುಸಿದು ಕೂತಾಗ, ಮೈಯ ನೀರಿನ ಮಟ್ಟ ತೋರಿಸುವ ಅವನ ಮುಂಗೈ ಪಟ್ಟಿ ಹಳದಿಗೆ ತಿರುಗಿತ್ತು. ಮೈಯ ನೀರು ತೀರಾ ಇಳಿದು ಪಟ್ಟಿ ಕೆಂಪಾಗುವವರೆಗೆ ಯಾರಿಗೂ ನೀರು ಕೊಡಬಾರದೆಂಬುದು ಕಾನೂನು. ಆದರೆ ಮನೆಗೆ ಬಂದವರಿಗೆ ನೀರು-ಬೆಲ್ಲ ಕೊಡುವಾಗ ಊರಲ್ಲಿ ಯಾರೂ ಪಟ್ಟಿ ನೋಡುತ್ತಿರಲಿಲ್ಲ.

“ನಾಳೆ ಓಟದ ಸ್ಪರ್ಧೆ ಐತಿ, ಮಗಳನ್ನ ಕಳಸ್ರಿ,” ಎಂದ, ಒಣ ತುಟಿ ನೆಕ್ಕುತ್ತ.

ಮೊನ್ನೆ ಮೈದಾನದಲ್ಲಿ ನೀರು ಬೇಡಿದ ಅದೇ ಮಗಳಿಗೆ, “ಹಳದಿಗೆ ನೀರಿಲ್ಲ, ಓಡು!” ಎಂದು ಗದರಿದವನು ಇವನೇ. ಅವಳಿನ್ನೂ ಒಳಗೆ ಕಾಲು ಸೆಟೆದು ನರಳುತ್ತಿದ್ದಳು.

ನೀಲವ್ವ ತಟ್ಟೆ ತಂದಿಟ್ಟಳು. ಬೆಲ್ಲವಿತ್ತು, ತಂಬಿಗೆ ಬರಿದಾಗಿತ್ತು.

“ಬೆಲ್ಲ ತಿನ್ರಿ, ಮಾಸ್ತರ್ರ. ಪಟ್ಟಿ ಕೆಂಪಾಗ್ಲಿ, ನೀರು ತರ್ತೀನಿ,” ಎಂದು ಅವನ ಮುಂಗೈಯನ್ನೇ ನೋಡುತ್ತ ಎದುರಿಗೆ ಕೂತಳು.