ಕೈಸಾಲದ ಮಾತ್ರೆ

ಆಟಿ ತಿಂಗಳ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ನೆರೂಳಿನ ಮೂರನೇ ಮಹಡಿಯ ಮನೆಯಲ್ಲಿ ಗುರುವಪ್ಪ, ಆಪರೇಶನ್ ಆದ ಮೊಣಕಾಲನ್ನು ಉದ್ದಕ್ಕೆ ಚಾಚಿ ಕುಳಿತು ಕೆಸುವಿನ ಎಲೆಗಳಿಗೆ ಪತ್ರೊಡೆಯ ಹಿಟ್ಟು ಸವರುತ್ತಿದ್ದರು. ನಾಡಿದ್ದು ಸೋಮವಾರ ಸೀವುಡ್ಸಿನ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲದಿದ್ದರೆ ಆ ಜಾಗಕ್ಕೆ ಬೇರೆಯವನು ಬರುತ್ತಾನೆ. ಗಂಟೆ ಐದಾಯಿತು. ಅವರು ಕೈ ಒರೆಸಿಕೊಂಡು ಅಂಗಿಯ ಕಿಸೆಯಿಂದ ಬಿಳಿ ಮಾತ್ರೆಯೊಂದನ್ನು ತೆಗೆದು ನುಂಗಿದರು.

"ಅಪ್ಪಾ, ಅದೆಲ್ಲಿಂದ ಬಂತು? ಡಾಕ್ಟರು ನೋವಿನ ಮಾತ್ರೆ ನಿಲ್ಲಿಸಿ ಐದು ದಿನ ಆಯ್ತಲ್ಲ!" ಆಗಷ್ಟೇ ಫಾರ್ಮಸಿ ಕಾಲೇಜಿನಿಂದ ಬಂದ ಮಗಳು ಪ್ರಣೀತಾ ಬಾಗಿಲಲ್ಲೇ ನಿಂತಳು.

"ಎದುರು ಮನೆ ಚೆನ್ನಯನ ಹತ್ರ ಕೈಸಾಲ. ಹೋದ ವರ್ಷ ಅವನ ಕಾಲಿಗೂ ಇದೇ ಮದ್ದಲ್ವಾ? ಕರಿಬೇವು ಕೇಳಿ ತರುದಿಲ್ವಾ, ಹಾಗೆ."

"ಅದು ಅಫೀಮಿನ ಜಾತಿಯ ಮದ್ದು, ಕರಿಬೇವಲ್ಲ! ಚಟ ಹಿಡಿದ್ರೆ ಸೋಮವಾರ ಬಿಡಿ, ದೀಪಾವಳಿಗೂ ಕಾವಲಿ ಮುಟ್ಲಿಕ್ಕಿಲ್ಲ."

"ಹತ್ತು ನಿಮಿಷದಲ್ಲಿ ನೋವು ಇಳೀತದೆ ಮಾರಾಯ್ತಿ. ನಿನ್ನ ಪುಸ್ತಕಕ್ಕಿಂತ ಒಳ್ಳೇದು."

ಅವಳು ದಡದಡನೆ ಎದುರು ಮನೆಗೆ ಹೋದಳು. ಚೆನ್ನಯ ತಲೆ ತುರಿಸಿಕೊಂಡರು. "ನನ್ನ ಹತ್ರ ಆ ಮಾತ್ರೆ ಎಲ್ಲಿ ಉಂಟು ಮಗಾ? ಇಲ್ಲ ಅಂದ್ರೆ ನಿನ್ನ ಅಪ್ಪನಿಗೆ ಬೇಜಾರು. ದಿನಕ್ಕೊಂದು ನನ್ನ ಕ್ಯಾಲ್ಸಿಯಂ ಮಾತ್ರೆ ಕೊಟ್ಟೆ."

ಪ್ರಣೀತಾ ಗೋಡೆ ಹಿಡಿದುಕೊಂಡು ನಕ್ಕಳು. ಮರಳಿ ಬಂದು ಅಪ್ಪನಿಗೆ ಎಲ್ಲ ಹೇಳಿದಳು. "ನಮ್ಮ ಲ್ಯಾಬಿನಲ್ಲಿ ಇಲೀನ ಬಿಸಿ ತಟ್ಟೆ ಮೇಲೆ ಬಿಡ್ತಾರೆ. ನಾಲ್ಕು ದಿನ ಮಾರ್ಫಿನ್ ಚುಚ್ಚಿ, ಐದನೇ ದಿನ ಬರೀ ಉಪ್ಪುನೀರು ಚುಚ್ಚಿದ್ರೂ ಅದು ಬಿಸಿ ತಡ್ಕೊಳ್ತದೆ. ಮದ್ದು ಬಂತು ಅಂತ ನಂಬಿದ ತಲೆ ತನ್ನ ಮದ್ದನ್ನು ತಾನೇ ಅರೆದುಕೊಳ್ತದಂತೆ."

ಗುರುವಪ್ಪನ ಮುಖ ಕೆಂಪಾಯಿತು. "ಬಿಸಿ ತಟ್ಟೆ ಮುಂದೆ ಮೂವತ್ತು ವರ್ಷ ನಿಂತವ ನಾನು. ನಿಮ್ಮ ಇಲಿಗೆ ನನ್ನ ಹತ್ರ ಬಂದು ಕಲೀಲಿಕ್ಕೆ ಹೇಳು!"

ಮರುದಿನ ಸಂಜೆ ನಾಲ್ಕಕ್ಕೆ ಅವರು ಬೆಂದ ಪತ್ರೊಡೆಯನ್ನು ಕತ್ತರಿಸಿ, ಒಂದು ಗಂಟೆ ಒಲೆಯ ಮುಂದೆ ನಿಂತೇ ಎರಡೂ ಬದಿ ಕೆಂಪಗೆ ಕಾಯಿಸಿದರು. ಐದು ತುಂಡುಗಳನ್ನು ಬಟ್ಟಲಿಗೆ ಹಾಕಿ ಮಗಳ ಕೈಗೆ ಕೊಟ್ಟರು.

"ಐದು ಮಾತ್ರೆಗೆ ಐದು. ಸಾಲ ತೀರಿತು ಅಂತ ಚೆನ್ನಯನಿಗೆ ಹೇಳು."

ಅವಳು ಹೊಸ್ತಿಲು ದಾಟುವಾಗ ಗೋಡೆಯ ಗಡಿಯಾರ ಐದು ಬಾರಿಸಿತು. ಗುರುವಪ್ಪನ ಕೈ ತಾನಾಗಿ ಮೊಣಕಾಲಿಗೆ ಹೋಯಿತು.

"ಪ್ರಣೀತಾ," ಅವರು ಮೆಲ್ಲಗೆ ಕರೆದರು, "ಬಟ್ಟಲು ವಾಪಸು ತರುವಾಗ ಆ ಕ್ಯಾಲ್ಸಿಯಂ ಇನ್ನೊಂದು ಕೇಳಿ ತಾ ಮಾರಾಯ್ತಿ."